ಹೆಂಚು ಕೇಳಿದ ಭವಿಷ್ಯ

ಶಬ್ದಕ್ಕಿಂತ ಏಳು ಪಟ್ಟು ವೇಗವಾಗಿ ಹಾರಲಿದ್ದ ವಿಮಾನದ ಹೊಟ್ಟೆಗೆ ಶಾಖ ತಡೆಯುವ ಒಂದು ಹೆಂಚನ್ನು ಅಂಟಿಸಿದ್ದರು. ಮೈಮೇಲೆ ಗಾಳಿ ನೇರವಾಗಿ ಹರಿದರೆ ಅದಕ್ಕೆ ಉಳಿವು. ಸುಳಿಯಾಗಿ ತಿರುಗಿದರೆ ಸುಟ್ಟು ಕರಕಲು. ಆದ್ದರಿಂದ ಅದು ಗಾಳಿಯ ನಡೆಯನ್ನು ಮೊದಲೇ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು ಕೇಳಿತು: “ರಾಯರೇ, ಸುಳಿ ಎಲ್ಲಿ ಏಳುತ್ತದೆ?”

“ಬಾಲದ ಹತ್ತಿರ. ನೀನು ನಿಶ್ಚಿಂತೆಯಿಂದಿರು.”

“ನನ್ನ ಅಂಚಿನಲ್ಲಿ ಅಂಟು ಸಾಸಿವೆಯಷ್ಟು ಉಬ್ಬಿದೆಯಲ್ಲ?”

“ಲೆಕ್ಕದಿಂದ ಅದನ್ನು ತೆಗೆದುಹಾಕಿದ್ದೇನೆ.”

“ನನ್ನ ಮೈಯಿಂದ?”

“ಅದು ನನ್ನ ವಿಭಾಗವಲ್ಲ.”

ವಿಮಾನ ಹಾರಿತು. ವೇಗದ ಅಮಲೇರಿದ ಗಾಳಿ ಹಾಡುತ್ತ ಬಂದು ಉಬ್ಬನ್ನು ಎಡವಿತು. ಎಡವಿದ ಖುಷಿಗೆ ಗಿರಗಿರನೆ ತಿರುಗಿ, ಕೇಕೆ ಹಾಕಿ ಮತ್ತೆ ತಿರುಗಿತು.

“ನೇರ ಹೋಗಮ್ಮ, ಮಾದರಿರಾಯರು ಹಾಗೆಂದೇ ಹೇಳಿದ್ದಾರೆ,” ಎಂದು ಹೆಂಚು ಬೇಡಿಕೊಂಡಿತು.

“ಯಾರವರು? ನನಗೆ ಪರಿಚಯವೇ ಇಲ್ಲ, ತಂಗಿ,” ಎಂದು ಗಾಳಿ ಇನ್ನೊಂದು ಸುತ್ತು ಕುಣಿಯಿತು.

ವಿಮಾನ ಇಳಿದ ಮೇಲೆ ಮಾದರಿ ತನ್ನ ಲೆಕ್ಕದ ಒಂದು ಅಂಕಿಯನ್ನು ತಿದ್ದಿಕೊಂಡು, ಸುಳಿಯನ್ನು ಬಾಲದಿಂದ ಎಳೆದು ತಂದು ಹೆಂಚು ಸುಟ್ಟ ಜಾಗದಲ್ಲೇ ನಿಲ್ಲಿಸಿತು. “ನೋಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ,” ಎಂದಿತು.

ಕರಕಲಾದ ಹೆಂಚು ಕೇಳಿತು: “ಇದನ್ನು ನಿನ್ನೆಯೇ ಹೇಳಬಾರದಿತ್ತೇ, ರಾಯರೇ?”

“ನಿನ್ನೆ ನೀನಿನ್ನೂ ಸುಟ್ಟಿರಲಿಲ್ಲವಲ್ಲ.”