ಹೊನ್ನವ್ವನ ಕೂಲಿ

ಫಾಲ್ಗುಣ ಶುದ್ಧ ದಶಮಿ, ಸೋಮವಾರ. ಬಿಸಿಲು ಜೋರಾಗಿತ್ತು, ಗಾಳಿಯ ಸುಳಿವಿರಲಿಲ್ಲ. ಎಣ್ಣೆಗಾಣ ಸುತ್ತಿ ಬಂದ ಮುದಿ ಎತ್ತು, ಕಣ್ಣಿನ ಪಟ್ಟಿ ಬಿಚ್ಚಿದ್ದೇ ತಡ, ಜಗಲಿಯ ಪಂಜರದ ಗಿಳಿಯತ್ತ ಕತ್ತು ಚಾಚಿತು. ಆ ಜಗಲಿಯ ಮೇಲೆ ಒಂದು ತಿಂಗಳಿಂದ ಶಾಸ್ತ್ರಿಗಳು ಹಳೆಯ ಕಾವ್ಯವೊಂದನ್ನು ಓದುತ್ತಿದ್ದರು. ಅರಮನೆಯಲ್ಲಿ ರಾಗಿ ಬೀಸಿ ಬೀಸಿ ಮುದುಕಿಯಾದ ಹೊನ್ನವ್ವ, ಬಾರದ ಕೂಲಿಗಾಗಿ ಅರಸನ ಮುಂದೆ ನಿಂತ ಕಥೆ ಅದು. ಕಟ್ಟಿದಲ್ಲಿಂದಲೇ ಕೇಳುತ್ತಿದ್ದ ಎತ್ತಿಗೆ ಅವಳು ಒಡಹುಟ್ಟಿದವಳಂತೆ ಆಗಿದ್ದಳು. ಆದರೆ ಕಾವ್ಯ ಮುಗಿಯುವ ದಿನವೇ ಯಜಮಾನ ಚನ್ನವೀರಪ್ಪ ಅದನ್ನು ನಸುಕಿಗೇ ಗಾಣಕ್ಕೆ ಹೂಡಿದ್ದ.

“ಗಿಣಿರಾಮ, ಹೊನ್ನವ್ವನಿಗೆ ಕೂಲಿ ಸಿಕ್ಕಿತೇ?”

“ಮೊದಲು ಈ ಕಡಲೆ ತಿನ್ನು, ಎತ್ತಣ್ಣ. ಪ್ರಸಾದದಲ್ಲಿ ನಿನಗೆಂದೇ ನಾಲ್ಕು ಕಾಳು ಉಳಿಸಿದ್ದೇನೆ.”

“ಕಡಲೆ ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಮಾತು ಹಾರಿಸಬೇಡ.”

“ಅವಳ ಪಾಡು ಕೇಳಿ ಅರಸ ಅತ್ತ. ಅವನ ಸಭೆಯೆಲ್ಲ ಅತ್ತಿತು. ಇಲ್ಲಿ ನಮ್ಮ ಯಜಮಾನರಂತೂ ಬಿಕ್ಕಿ ಬಿಕ್ಕಿ ಅತ್ತರು.”

“ಅಳಲಿ, ಪಾಪ. ಕೂಲಿಯ ಮಾತು ಹೇಳು.”

ಸಿಕ್ಕಿತು ಎಂದುಬಿಡೋಣವೆಂದು ಗಿಳಿ ಕೊಕ್ಕು ತೆರೆಯಿತು. ಎತ್ತಿನ ಹೆಗಲ ಹುಣ್ಣು ಕಣ್ಣಿಗೆ ಬಿತ್ತು. ಸುಳ್ಳು ಗಂಟಲಲ್ಲೇ ಉಳಿಯಿತು.

“ಅವಳಿಗೆ ಏನೂ ಸಿಗಲಿಲ್ಲ, ಎತ್ತಣ್ಣ. ಕಥೆ ಓದಿದ ಶಾಸ್ತ್ರಿಗಳಿಗೆ ಮಾತ್ರ ಯಜಮಾನರು ಕಣ್ಣೊರೆಸಿಕೊಳ್ಳುತ್ತ ಒಂದು ಕೊಡ ಎಳ್ಳೆಣ್ಣೆ ಕಾಣಿಕೆ ಕೊಟ್ಟರು. ನೀನು ಬೆಳಗಿನಿಂದ ಸುತ್ತಿ ತೆಗೆದದ್ದು ಅದನ್ನೇ.”