ಕರಡಿಯ ಉಪವಾಸ

ಜೇನಪ್ಪನೆಂಬ ಕರಡಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಜೇನು ತಿಂದೇ ಹೆಸರು ಮಾಡಿದವನು ಇದನ್ನು ಯಾವ ಮುಖದಿಂದ ಹೇಳಿಕೊಳ್ಳಲಿ ಎಂದು ನಾಚಿ, ಅವನು ಔಷಧಿಯನ್ನೂ ಪೊದೆಯ ಮರೆಯಲ್ಲೇ ನುಂಗುತ್ತಿದ್ದ.

ಒಂದು ದಿನ ಹಾಗೆಯೇ ಔಷಧಿ ನುಂಗಿ, ಅಳಿಲಮ್ಮನ ಮಗಳ ನಾಮಕರಣದ ಊಟಕ್ಕೆ ಹೋದ. ಎಲೆಯ ತುಂಬ ಜೇನು, ಹಲಸಿನ ತೊಳೆ.

"ಇಂದು ನನಗೆ ಉಪವಾಸ," ಎಂದ ಕರಡಿ.

"ಶುಭದ ಮನೆ, ಒಂದು ತೊಳೆಯಾದರೂ ತಿನ್ನಣ್ಣ."

"ನೀರನ್ನೂ ಮುಟ್ಟುವುದಿಲ್ಲ."

ಅಳಿಲಮ್ಮ ಎಲೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕರಡಿ ಮೈ ಬೆವೆತು, ಕೈಕಾಲು ನಡುಗಿ, ನೆಂಟರ ನಡುವೆಯೇ ಕುಸಿದು ಕೂತ.

"ಜೇನು ಕೊಡಮ್ಮ, ಬೇಗ! ನನಗೆ ಸಕ್ಕರೆ ಕಾಯಿಲೆ."

"ಸಕ್ಕರೆ ಕಾಯಿಲೆಯವನಿಗೆ ಜೇನೇ?" ಎಂದು ಮಂಗ ನಕ್ಕಿತು.

"ಔಷಧಿ ನುಂಗಿ ಉಣ್ಣದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ," ಎಂದು ಕರಡಿ ತೊದಲಿದ.

ಅಳಿಲಮ್ಮ ಓಡಿಬಂದು ಜೇನು ನೆಕ್ಕಿಸಿದಳು. ನಡುಕ ನಿಂತ ಮೇಲೆ ಕೇಳಿದಳು: "ಮೊದಲೇ ಹೇಳಬಾರದಿತ್ತೇ? ನನ್ನ ಮನೆಯ ಊಟ ನಿನಗೆ ಕೀಳಾಯಿತೆಂದು ಒಳಗೆ ಹೋಗಿ ಅತ್ತು ಬಂದೆ."

ಕರಡಿ ತಲೆ ಎತ್ತಲಾರದೆ ಹೋದ. ಅವಳ ಅಳುವಿಗಿಂತ ಮಂಗದ ನಗುವೇ ವಾಸಿ ಎನಿಸಿತು. "ಎಲೆ ಹಾಕಮ್ಮ," ಎಂದ. "ಏನು ಬಡಿಸಬೇಕು, ಏನು ಬಡಿಸಬಾರದು ಎಂದು ಎಲ್ಲರೆದುರೇ ಹೇಳುತ್ತೇನೆ."