ಹುಕುಂ ತಪ್ಪದ ಭರಮಪ್ಪ ಮಾಸ್ತರ

ದಡ್ಡರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ನಮ್ಮೂರ ಭರಮಪ್ಪನಂಥ ದಡ್ಡ ಸುತ್ತ ಏಳು ಹಳ್ಳಿ ಹುಡುಕಿದರೂ ಸಿಗಲಿಕ್ಕಿಲ್ಲ. ಸಿಕ್ಕರೆ ಕರೆತನ್ನಿ, ಪಂದ್ಯ ಕಟ್ಟಲು ನಾನು ತಯಾರು. ನಮ್ಮೂರದ್ದು ಯಾವುದೂ ಅರ್ಧಮರ್ಧ ಇರುವುದಿಲ್ಲ, ದಡ್ಡತನವೂ ಅಷ್ಟೇ.

ಹದಿನೇಳು ವರ್ಷ ಮಿಲಿಟರಿಯಲ್ಲಿದ್ದ ಮನುಷ್ಯ. ಅಲ್ಲಿ ಅವನಿಗೆ ಬಲು ಒಳ್ಳೆಯ ಹೆಸರು. ನಿಲ್ಲು ಅಂದರೆ ನಿಲ್ಲುವವ, ನಡಿ ಅಂದರೆ ನಡೆಯುವವ, ಹೊಸ ಹುಕುಂ ಬಂತೆಂದರೆ ಹಳೆಯದನ್ನು ಮರೆತೇಬಿಡುವವ. ಅಲ್ಲಿದ್ದಾಗಲೇ ಮಾಸ್ತರಿಕೆಯ ಪರೀಕ್ಷೆಗೂ ಕೂತ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದು ಫಸ್ಟ್ ಕ್ಲಾಸಿನಲ್ಲಿ ಪಾಸಾದ.

ಹೆಂಡತಿ ತೀರಿಕೊಂಡು ಮೂರು ವರ್ಷ. ಮಗಳು ರೇಣುಕಾಗೆ ಎಂಟು, ಮಗ ಈರಣ್ಣನಿಗೆ ಆರು. ಇಬ್ಬರನ್ನೂ ಸಾಕಿದವಳು ಭರಮಪ್ಪನ ಅವ್ವ ಬಾಳವ್ವ. ಪೆನ್ಷನ್ ಆಗಿ ಅವನು ಟ್ರಂಕು ಹೊತ್ತು ಬಂದ ದಿನ ಈರಣ್ಣ ಬಾಗಿಲಲ್ಲಿ ನಿಂತು, "ಆಯಿ, ಯಾರೋ ಬಂದಾರ ನೋಡು" ಅಂದ. ಇನ್ನು ಈ ಮಕ್ಕಳನ್ನು ಬಿಟ್ಟು ಎಲ್ಲಿಗೂ ಹೋಗಬಾರದು ಅಂತ ಭರಮಪ್ಪ ಅವತ್ತೇ ನಿಶ್ಚಯ ಮಾಡಿಕೊಂಡ.

ಮಾಸ್ತರಿಕೆ ಕೇಳಿದ್ದಕ್ಕೆ ಊರ ಶಾಲೆಯವರು, ಒಂದು ತಿಂಗಳು ನೋಡೋಣ ಅಂದರು. ಹೊಂದಿಕೊಂಡರೆ ಕಾಯಂ. ಇಲ್ಲದಿದ್ದರೆ ಪುಣೆಯಲ್ಲಿ ಒಂದು ಕಾರ್ಖಾನೆಯ ಗೇಟು ಕಾಯುವ ಕೆಲಸ ಇತ್ತು. ಅಲ್ಲಿಗೆ ಹೋದರೆ ಮತ್ತೆ ವರ್ಷಕ್ಕೊಮ್ಮೆ ರಜೆ, ಮತ್ತೆ ಬಾಗಿಲಲ್ಲಿ "ಯಾರೋ ಬಂದಾರ".

ಒಂದರಿಂದ ಮೂರನೇ ಇಯತ್ತೆಗೆ ಒಂದೇ ಕೋಣೆ, ಮೂವತ್ನಾಲ್ಕು ಮಕ್ಕಳು. ಅವನ ಮಕ್ಕಳಿಬ್ಬರೂ ಅಲ್ಲೇ, ನಾನೂ ಅಲ್ಲೇ. ಹಾಗಾಗಿ ಶಾಲೆಯಲ್ಲಿ ನಡೆದದ್ದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಇಲ್ಲ. ಮನೆಯಲ್ಲಿ ನಡೆದದ್ದನ್ನು ರೇಣುಕಾನೇ ಹೇಳಿದಳು.

ಮೊದಲ ದಿನ ಬಾಳವ್ವ ಮಗನಿಗೆ, ಶಾಲೆಯ ಮಕ್ಕಳನ್ನೂ ನಿನ್ನ ಮಕ್ಕಳ ಹಾಗೇ ನೋಡಿಕೋ ಅಂದಳು. ಅವನು ಹಾಗೇ ನೋಡಿಕೊಂಡ. ಮೂವತ್ನಾಲ್ಕೂ ಮುಖ ತೊಳೆಸಿದ, ಮೂಗು ಒರೆಸಿದ, ತಲೆಗೆ ಎಣ್ಣೆ ತಟ್ಟಿ ಬೈತಲೆ ತೆಗೆದ. ಹುಡುಗಿಯರಿಗೆ ಜಡೆ ಹೆಣೆದು ಮುಗಿಸುವಾಗ ಶಾಲೆ ಬಿಟ್ಟಿತ್ತು. ನನ್ನ ಬೈತಲೆಯಂತೂ ಹಗ್ಗ ಹಿಡಿದು ಗೆರೆ ಎಳೆದ ಹಾಗೆ ಬಂದಿತ್ತು.

ಹೆಡ್‌ಮಾಸ್ತರು ಅಂದರೆ ಇಂದುಮತಿ ಅಕ್ಕೋರು. ಬಂದು ನೋಡಿ ಬೈದರು. "ಗಂಟೆ ಬಾರಿಸೂದು ಯಾಕಂತ ತಿಳದೀರಿ? ಗಂಟೆ ಬಿತ್ತಂದ್ರ ಕೈಯಾಗಿಂದು ಬಿಡಬೇಕು, ಮುಂದಿಂದು ಹಿಡೀಬೇಕು."

ಹೌದ್ರಿ ಅಂದ ಭರಮಪ್ಪ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಈರಣ್ಣ ಎರಡನೇ ತುತ್ತು ಬಾಯಿಗಿಡುತ್ತಿದ್ದ. ಭರಮಪ್ಪ ತಂಬಿಗೆ ತಗೊಂಡು ಢಣ್ ಅಂತ ಬಾರಿಸಿ, ತಟ್ಟೆ ಎತ್ತಿ, ಹುಡುಗನನ್ನು ಹಾಸಿಗೆಯಲ್ಲಿ ಮಲಗಿಸಿದ. ಬಾಯಲ್ಲಿ ರೊಟ್ಟಿ ಹಾಗೇ ಇತ್ತು.

ಬಾಳವ್ವ ಹಣೆ ಹಣೆ ಬಡಿದುಕೊಂಡಳು. "ಲೇ ಭರಮ್ಯಾ, ನನ್ನ ಹೊಟ್ಯಾಗ ಕಲ್ಲರ ಹುಟ್ಟಿದ್ರ ಅರಿವಿ ಒಗ್ಯಾಕಾಗ್ತಿತ್ತು. ಕೂಸು ಸಾಕು ಅನ್ನೂತನಕ ಬಡಿಸಬೇಕು. ಸಾಕು ಅಂದಮ್ಯಾಲ ಒಂದಗಳೂ ಹಾಕಬಾರದು."

ಆಗಲಿ ಅಂದ ಭರಮಪ್ಪ. ಮರುದಿನ ಶಾಲೆಯಲ್ಲಿ ಎರಡರ ಮಗ್ಗಿ ಶುರು. ಎರಡೊಂದ್ಲ ಎರಡು ಅಂದ. ಹಿಂದಿನ ಸಾಲಿನಿಂದ ಯಾರೋ ಸಾಕ್ರೀ ಸರ್ ಅಂದರು. ಭರಮಪ್ಪ ಅಲ್ಲಿಗೇ ಪುಸ್ತಕ ಮುಚ್ಚಿದ. ಹಾಗೆ ಅಂದವನು ನಾನೇ, ಇದರಲ್ಲಿ ಮುಚ್ಚಿಡುವುದೇನಿದೆ? ಎರಡು ವಾರ ನಮ್ಮ ಮಗ್ಗಿ ಎರಡೊಂದ್ಲ ಎರಡನ್ನು ದಾಟಲಿಲ್ಲ. ಅಷ್ಟು ನೆಮ್ಮದಿಯ ಶಾಲೆ ಜಿಲ್ಲೆಯಲ್ಲೇ ಇರಲಿಲ್ಲ.

ಒಂದು ದಿನ ಅಕ್ಕೋರು ಬಂದು ಎರಡೆರಡ್ಲ ಎಷ್ಟು ಅಂತ ಕೇಳಿದರು. ಎಲ್ಲರೂ ಛಾವಣಿ ನೋಡಿದೆವು. ಅವರು ಭರಮಪ್ಪನನ್ನು ಹೊರಗೆ ಕರೆದು, ಹೀಗಾದರೆ ನೀವು ಪುಣೆಗೆ ಹೋಗುವುದೇ ಸೈ ಅಂದರು. ಸಾಕು ಅಂದರೂ ಬಿಡಬೇಡಿ, ತಪ್ಪಿದವರಿಗೆ ಅದನ್ನೇ ಹತ್ತು ಸಲ ಮಾಡಿಸಿ ಅಂದರು.

ಅವತ್ತು ಸಂಜೆ ಈರಣ್ಣ ಹಾಲಿನ ಲೋಟ ಉರುಳಿಸಿದ. ಭರಮಪ್ಪ ಬೈಯಲಿಲ್ಲ. ಇನ್ನೊಂದು ಲೋಟ ತುಂಬಿಕೊಟ್ಟು ಉರುಳಿಸು ಅಂದ. ಮತ್ತೊಂದು ತುಂಬಿಕೊಟ್ಟ. ಮನೆಯ ಹಾಲು ಮುಗಿದಾಗ ಆರು ಸಲ ಆಗಿತ್ತು. ಉಳಿದ ನಾಲ್ಕಕ್ಕೆ ಪಕ್ಕದ ಮನೆಯಿಂದ ಕಡ ತಂದ. ಹುಡುಗನಿಗೆ ಆಟ ಬಲು ಹಿಡಿಸಿತ್ತು. ಅವತ್ತೇ ಮೊದಲ ಸಲ ಅವನು ಅಪ್ಪನ ತೊಡೆಯ ಮೇಲೆ ಕೂತದ್ದು.

ಬಾಳವ್ವ ನೆಲ ಒರೆಸುತ್ತಾ ಬೈದಳು. ಮಕ್ಕಳು ತಪ್ಪಿದರೆ ತಂದೆಯಾದವನು ಸದ್ದಿಲ್ಲದೆ ತಾನೇ ಸರಿಮಾಡಬೇಕು, ಹೊರಗಿನವರಿಗೆ ಗೊತ್ತಾಗಬಾರದು ಅಂದಳು.

ತಿಂಗಳ ಕೊನೆಗೆ ಪರೀಕ್ಷೆ ಬಂತು. ನಾವು ಬರೆದುಕೊಟ್ಟದ್ದನ್ನೆಲ್ಲ ಭರಮಪ್ಪ ಒರೆಸಿ, ತಾನೇ ಸರಿಮಾಡಿ ಬರೆದ, ಸದ್ದಿಲ್ಲದೆ. ಮೂವತ್ನಾಲ್ಕು ಜನಕ್ಕೂ ಇಪ್ಪತ್ತೈದಕ್ಕೆ ಇಪ್ಪತ್ತೈದು. ಮೂವತ್ನಾಲ್ಕರದ್ದೂ ಒಂದೇ ಕೈಬರಹ.

ಅಕ್ಕೋರು ಈ ಸಲ ಬೈಯಲಿಲ್ಲ, ಬೇಡಿಕೊಂಡರು. "ಮಾಸ್ತರ, ನಾಳೆ ಸಾಲಿ ಕಮಿಟಿ ಚೇರ್ಮನ್ನರು ಬರ್ತಾರ. ಕೈಮುಗೀತೀನಿ. ಅವರು ಏನರ ಕೇಳ್ಲಿ, ನೀವು ಹೇಳಬ್ಯಾಡ್ರಿ, ನೀವು ಬರೀಬ್ಯಾಡ್ರಿ. ಉತ್ತರ ಮಕ್ಕಳಿಂದನ ಬರ್ಬೇಕು."

ಮರುದಿನ ಚೇರ್ಮನ್ ದೇಸಾಯರು ಬಂದು ನಮ್ಮ ಕೋಣೆಯ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಕೆಲಸ ಕಾಯಂ ಮಾಡುವ ಕಾಗದ ಇತ್ತು. ಬಾಗಿಲಾಚೆ ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಈ ತಿಂಗಳ ಸುದ್ದಿಯೆಲ್ಲ ಕಿವಿಗೆ ಬಿದ್ದಿದೆ ಅಂದರು ದೇಸಾಯರು. ಆಮೇಲೆ ನೇರವಾಗಿ ಕೇಳಿದರು, "ಏನ್ರಿ ಭರಮಪ್ಪ, ಇಲ್ಲೇ ಇರಾವ್ರೋ, ಪುಣೆಗೆ ಹೋಗಾವ್ರೋ?"

ಭರಮಪ್ಪ ಸೆಟೆದು ನಿಂತ. ನಮ್ಮ ಕಡೆ ತಿರುಗಿ, ಉತ್ತರ ಗೊತ್ತಿದ್ದವರು ಕೈ ಎತ್ತಿ ಅಂದ. ಮೂವತ್ನಾಲ್ಕೂ ಕೈ ಮೇಲೆ. ಅಲ್ಲಿಯತನಕ ಒಂದು ದಿನವೂ ಕೈ ಎತ್ತದ ಈರಣ್ಣನನ್ನು ಎಬ್ಬಿಸಿದ.

"ನಮ್ಮಪ್ಪ ಎಲ್ಲೂ ಹೋಗೂದಿಲ್ರಿ" ಅಂದ ಈರಣ್ಣ.

ದೇಸಾಯರು ಮೀಸೆಯಡಿ ನಕ್ಕರು. ಹಾಗಾದರೆ ಒಪ್ಪಿಗೆಗೆ ಸಹಿ ಮಾಡಿ ಅಂತ ಕಾಗದ ಚಾಚಿದರು. ಭರಮಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. ಕಾಗದವನ್ನೂ ಪೆನ್ನನ್ನೂ ಮೊದಲ ಸಾಲಿನವನ ಕೈಗೆ ಕೊಟ್ಟ.

ಕಾಗದ ಸಾಲಿನಿಂದ ಸಾಲಿಗೆ ಹೋಯಿತು. ಅದರ ಹಿಂದೆ ಅಕ್ಕೋರು. ಅವರ ಕೈಗೆ ಸಿಗುವಷ್ಟರಲ್ಲಿ ಮೂವತ್ಮೂರು ಸಹಿ ಬಿದ್ದಿತ್ತು. ಇನ್ನೂ ಬರೆಯಲು ಬಾರದ ಒಂದನೇ ಇಯತ್ತೆಯ ಹುಡುಗಿಯೊಬ್ಬಳು ಸಹಿಯ ಬದಲು ಒಂದು ಆಡಿನ ಚಿತ್ರ ಬರೆದಿದ್ದಳು. ದೇಸಾಯರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟು ಮಂದಿ ಒಪ್ಪಿದ ಮೇಲೆ ನಮ್ಮದೇನು ಅಂತ ಆಡಿನ ಕಾಲ ಕೆಳಗೆ ತಮ್ಮ ಸಹಿ ಹಾಕಿದರು.

ಆ ಕಾಗದ ಇವತ್ತಿಗೂ ಶಾಲೆಯ ಕಪಾಟಿನಲ್ಲಿದೆ, ಬೇಕಾದರೆ ಬಂದು ನೋಡಿ. ಮಾಸ್ತರರ ಸಹಿ ಒಂದೇ ಇಲ್ಲ. ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಇರುವುದು ನನ್ನದು.